ಹುಣಸೆಮರದ ಹರಾಜೂ ನನ್ನ ಬಲಗೈಯೂ

ಕೆಲವರಿಗೆ ಮದುವೆಮನೆಯ ಚಪಲ, ಕೆಲವರಿಗೆ ಸಿನಿಮಾ ಚಪಲ. ನನಗಿರುವುದು ಹರಾಜಿನ ಚಪಲ. ಕೂಗುವ ಧೈರ್ಯ ನನಗಿಲ್ಲ, ಕೂಗುವವರನ್ನು ನೋಡುವುದಷ್ಟೇ. ತಮಿಳುನಾಡಿನ ಧರ್ಮಪುರಿ ಕಡೆಯ ನಮ್ಮ ಮಾರಂಡಹಳ್ಳಿ ಸುತ್ತಮುತ್ತ ರಸ್ತೆಬದಿಯ ಹುಣಸೆಮರಗಳ ಫಲವನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ನಾವು ತಮಿಳಿನವರಂತೆ ಅದನ್ನು ಏಲಂ ಅನ್ನುತ್ತೇವೆ. ಆ ದಿನ ಪಂಚಾಯಿತಿ ಆಫೀಸಿನ ಮುಂದಿನ ಅರಳಿಕಟ್ಟೆಯ ಮೇಲೆ ಸೆರಗು ಹೊದ್ದು ಕೂತೆನೆಂದರೆ ಮನೆ ನೆನಪಾಗುವುದಿಲ್ಲ. ಗುಮಾಸ್ತ "ಒರು ತರಂ, ರೆಂಡು ತರಂ" ಎಂದು ಕೂಗಿ, "ಮೂಣು ತರಂ" ಅನ್ನುವ ಮುಂಚೆ ಒಂದಿಷ್ಟು ಉಸಿರು ಎಳೆದುಕೊಳ್ಳುತ್ತಾನಲ್ಲ, ಆಗ ಗಂಡಸರ ಮುಖ ನೋಡಬೇಕು. ಹೆರಿಗೆ ಕೋಣೆಯ ಹೊರಗೆ ನಿಂತಾಗಲೂ ಅವರು ಅಷ್ಟು ಬೆವರಿರುವುದಿಲ್ಲ.

ನಮ್ಮನೆಯವರು ಈ ವಿದ್ಯೆಯಲ್ಲಿ ಪಳಗಿದವರು. ಹಸಿದ ಹೊಟ್ಟೆಯಲ್ಲಿ ಏಲಂಗೆ ಹೋಗಬಾರದೆಂಬುದು ಅವರ ಶಾಸ್ತ್ರ. ಹಸಿದವನಿಗೆ ಎಲ್ಲ ಮರವೂ ತುಂಬಿದಂತೆ ಕಾಣುತ್ತದಂತೆ. ಮರವನ್ನು ಹಿಂದಿನ ದಿನವೇ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿಬರಬೇಕು. ಎಷ್ಟಕ್ಕೆ ನಿಲ್ಲಿಸಬೇಕೆಂದು ಮನೆಯಲ್ಲೇ ತೀರ್ಮಾನ ಮಾಡಬೇಕು, ಮಾಡಿದ್ದನ್ನು ಹೆಂಡತಿಗೂ ಹೇಳಬಾರದು. ಮೊದಲು ಬಾಯಿ ಬಿಡಬಾರದು. ಬಿಡಲೇಬೇಕಾಗಿ ಬಂದರೆ ನಾಲ್ಕು ಜನ ನಗುವಷ್ಟು ಕಡಿಮೆಗೆ ಬಿಡಬೇಕು. ಅಣ್ಣತಮ್ಮಂದಿರ ಜಗಳ ಮುಗಿಸಿ ಬಂದವನ ಎದುರು ಮಾತ್ರ ಎಂದೂ ಕೂಗಬಾರದು, ಯಾಕೆಂದರೆ ಅವನು ಕೂಗುತ್ತಿರುವುದು ಮರಕ್ಕಲ್ಲ.

ಮರದ ಮೇಲಿರುವ ಕಾಯಿಗೆ ಬೆಲೆ ಕಟ್ಟುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆಯೇ. ಆದರೂ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಕಾಯಿ ಉದುರಿಸುವವರ ಕೂಲಿ, ಗೋಣಿಚೀಲ, ಸೇಲಂ ಮಂಡಿಗೆ ಲಾರಿ ಬಾಡಿಗೆ, ಮಂಡಿಯವನ ಕಮಿಷನ್, ಎಲ್ಲ ಕಳೆದು ಉಳಿಯುವುದೆಷ್ಟೆಂದು ಬೆರಳ ಗೆಣ್ಣಿನಲ್ಲೇ ಎಣಿಸಿಬಿಡುತ್ತಿದ್ದರು. ಕೆರೆ ದಾರಿಯ ಹನ್ನೆರಡು ಮರ ವರ್ಷಾವರ್ಷ ನಮ್ಮದೇ. ಪಕ್ಕದ ಬೀದಿಯ ಮಾದಪ್ಪ ಪೈಪೋಟಿಗೆ ನಿಲ್ಲುತ್ತಿದ್ದ, ಕೊನೆಗೆ ಟವೆಲು ಕೊಡವಿ ಕೂರುತ್ತಿದ್ದ. ಕಾಯಿ ಮನೆಗೆ ಬಂದ ಮೇಲಿನ ಕೆಲಸ ನನ್ನದು. ಒಣಗಿಸಬೇಕು, ಓಡು ಬಿಡಿಸಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿದು ಬೀಜ ತೆಗೆಯಬೇಕು. ಬೀಜ ತೆಗೆದ ಹಣ್ಣಿಗೆ ಮಂಡಿಯಲ್ಲಿ ಮರ್ಯಾದೆ ಜಾಸ್ತಿ. ಪೊಂಗಲ್ ಕಳೆದರೆ ಯುಗಾದಿಯವರೆಗೆ ನಮ್ಮ ಜಗಲಿಯಲ್ಲಿ ನಾನೂ ಹುಣಸೆಹಣ್ಣೂ ಸುತ್ತಿಗೆಯೂ.

ಹೀಗಿರುವಾಗ ತೊಂಬತ್ತರ ದಶಕದ ನಡುವೆ ಒಂದು ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ನನಗೆ ಕಾರು ಹೊಡೆಯಿತು. ಪಾಲಕ್ಕೋಡಿನ ಬಸ್ಸಿಗೆ ಕಾಯುತ್ತ ರಸ್ತೆ ಪಕ್ಕ ನಿಂತಿದ್ದೆ. ಅಡ್ಡ ಬಂದ ಮೇಕೆಯನ್ನು ಉಳಿಸಲು ಹೋಗಿ ಡ್ರೈವರು ನನ್ನ ಕಡೆ ತಿರುಗಿಸಿದ. ಮೇಕೆಗೆ ಏನೂ ಆಗಲಿಲ್ಲ. ಪಾಪ, ಒಳ್ಳೆಯ ಹುಡುಗ, ಅವನೇ ನನ್ನನ್ನು ಎತ್ತಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದ. ಬಲಗೈ ಮಣಿಕಟ್ಟು ಮುರಿದಿತ್ತು. ಮಾವುಕಟ್ಟು, ಅಂದರೆ ಪ್ಲಾಸ್ಟರು, ಹಾಕಿದರು. ಆ ಬಿಳಿ ಕಟ್ಟು ಬಿಚ್ಚುವ ಹೊತ್ತಿಗೆ ಮೂಳೆ ಕೂಡಿತ್ತು, ಆದರೆ ಮಣಿಕಟ್ಟು ತಿರುಗುವುದನ್ನು ಮರೆತಿತ್ತು. ಲೋಟ ಎತ್ತಬಲ್ಲೆ, ಮುದ್ದೆ ತಿರುವಲಾರೆ. ಸುತ್ತಿಗೆ ಹಿಡಿದರೆ ನೋವು ಮೊಣಕೈಗೆ ಏರುತ್ತದೆ. ನಮ್ಮನೆಯವರೇ ಕೋಲು ಹಿಡಿದು ಮುದ್ದೆ ತಿರುವಲು ನಿಂತರು. ಗಂಟಿಲ್ಲದ ಮುದ್ದೆ ಅವರ ಕೈಯಲ್ಲಿ ಇನ್ನೂ ಹುಟ್ಟಬೇಕು. ನಾನು ನುಂಗಿದೆ, ಅವರೂ ನುಂಗಿದರು.

ಪರಿಹಾರಕ್ಕೆ ಅರ್ಜಿ ಹಾಕಲು ಧರ್ಮಪುರಿಯ ಒಬ್ಬ ವಕೀಲರ ಬಳಿ ಹೋದೆವು. ನನ್ನ ಹೆಸರು, ವಯಸ್ಸು ಬರೆದುಕೊಂಡರು. ತಿಂಗಳ ವರಮಾನ ಎಷ್ಟು ಎಂದು ತಮಿಳಿನಲ್ಲಿ ಕೇಳಿದರು. ಕೇಳಿದ್ದು ನನ್ನನ್ನು, ಹೇಳಿದ್ದು ನಮ್ಮನೆಯವರು: "ವರುಮಾನಂ ಇಲ್ಲೀಂಗ. ಸುಮ್ಮಾ ವೀಟ್ಲದಾನ್ ಇರುಕ್ಕುದು." ಸುಮ್ಮನೆ ಮನೆಯಲ್ಲಿದ್ದಾಳೆ ಅಂತ. ವಕೀಲರು ನಕ್ಕು, ಹಾಗಂದರೆ ಏನೂ ಸಿಗುವುದಿಲ್ಲ, ಇವರ ಕೆಲಸಕ್ಕೆ ಒಂದು ಬೆಲೆ ಹೇಳಿ ಎಂದರು. ನಮ್ಮನೆಯವರು ಅರಳಿಕಟ್ಟೆಯ ಮುಂದೆ ನಿಂತಂತೆ ಕಣ್ಣು ಕಿರಿದು ಮಾಡಿ, "ಮುನ್ನೂರು" ಎಂದರು. ವಕೀಲರಿಗೆ ಗಾಬರಿ. ಅಯ್ಯಾ, ಕೊಡುವವರು ಕಾರಿನ ವಿಮೆ ಕಂಪನಿಯವರು, ನೀವು ಕೇಳುವವರು, ಮೇಲಿನಿಂದ ಶುರು ಮಾಡಬೇಕು ಎಂದು ತಿಳಿಹೇಳಿದರು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ? ಇವರು ಬಹಳ ಹೊತ್ತು ಯೋಚಿಸಿ "ಮುನ್ನೂರೈವತ್ತು" ಎಂದರು. ಕಡೆಗೆ ವಕೀಲರೇ ಒಂದು ಮೊತ್ತ ಬರೆದುಕೊಂಡರು. ನಾನು ಎಡಗೈಯಲ್ಲಿ, ಹೊಸೂರು ಕಡೆಯ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ, ರುಜು ಹಾಕಿದೆ.

ಕೊಟ್ಟ ಮಾತಿಗಾಗಿ ಹೆಂಡತಿಯನ್ನು ಬೀದಿಯಲ್ಲಿ ನಿಲ್ಲಿಸಿ ಮಾರಿದ ರಾಜನ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿದಾಗಲೆಲ್ಲ ರಾಜನಿಗಾಗಿ ಅತ್ತಿದ್ದೇನೆ. ಎಷ್ಟಕ್ಕೆ ಮಾರಿದ, ಆ ಬೆಲೆಯನ್ನು ಹೇಗೆ ಗೊತ್ತುಮಾಡಿದ, ಆಕೆಯನ್ನು ಒಂದು ಮಾತು ಕೇಳಿದನೇ ಎಂದು ಯೋಚಿಸುವ ಬುದ್ಧಿ ಬಂದದ್ದು ಆ ದಿನ, ಧರ್ಮಪುರಿಯಿಂದ ವಾಪಸು ಬರುವ ಬಸ್ಸಿನಲ್ಲಿ.

ಚಳಿಗಾಲ ಬಂತು, ಏಲಂ ಬಂತು. ಕೈ ಮುದುರಿಕೊಂಡೇ ಹೋಗಿ ಕಟ್ಟೆಯ ಮೇಲೆ ಕೂತೆ. ಕೆರೆ ದಾರಿಯ ಮರಗಳಲ್ಲಿ ಕಾಯಿ ಹಿಂದಿನ ವರ್ಷದಷ್ಟೇ ಇತ್ತು. ಹಿಂದಿನ ವರ್ಷ ಇವರು ಒಂಬತ್ತು ಸಾವಿರದವರೆಗೆ ಕೂಗಿ ಹಿಡಿದಿದ್ದರು. ಈ ಸಲ ಆರೂವರೆ ಸಾವಿರಕ್ಕೆ ಮಾದಪ್ಪ ಬಂದಾಗ ಸುಮ್ಮನೆ ಕೂತುಬಿಟ್ಟರು. ಮರ ಮಾದಪ್ಪನ ಪಾಲಾಯಿತು. ಗೆದ್ದವನಿಗೇ ನಂಬಿಕೆ ಬರಲಿಲ್ಲ.

"ಏನಣ್ಣಾ, ಇಷ್ಟುಕ್ಕೇ ಕುಂತ್ಕಂಡ್ಯಾ? ಮೈಗೆ ಉಸಾರಿಲ್ವಾ?" ಎಂದ.

"ಮೈಗೇನಾಗೈತೆ? ಈ ವರ್ಸ ಹಣ್ಣು ಬಡಿಯಾಕೆ ಆಳು ಇಡ್ಬೇಕಲ್ಲಪ್ಪಾ. ಕೂಲಿ ಕೊಟ್ರೆ ಗಿಟ್ಟಾಕಿಲ್ಲ" ಎಂದರು ನಮ್ಮನೆಯವರು.

ಹೇಳಿ, ಬೀಡಿ ಹಚ್ಚಿದರು. ತಾವು ಏನು ಹೇಳಿದೆವೆಂದು ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಗೋಣಿಚೀಲಕ್ಕೂ ಲೆಕ್ಕವಿದ್ದ ಕಡೆ ನನ್ನ ಕೈಗೆ ಇಷ್ಟು ವರ್ಷ ಲೆಕ್ಕವಿರಲಿಲ್ಲ. ಕೈ ಮುರಿದ ಮೇಲೆ ಅದು ಲೆಕ್ಕಕ್ಕೆ ಬಂತು.

ಮುಂದಿನ ವರ್ಷ ನಮ್ಮ ಕೇಸು ಲೋಕ ಅದಾಲತ್ತಿಗೆ ಬಂತು. ಎರಡು ಕಡೆಯವರನ್ನೂ ಕೂರಿಸಿ ರಾಜಿ ಮಾಡಿಸುವ ಜಾಗ ಅದು. ಒಂದು ಮೇಜು, ಅದರ ಹಿಂದೆ ನಿವೃತ್ತ ಜಡ್ಜು, ಆಚೆ ವಿಮೆ ಕಂಪನಿಯ ಅಧಿಕಾರಿ, ಈಚೆ ನಾವು ಮತ್ತು ವಕೀಲರು. ಅಧಿಕಾರಿ ಕೆಟ್ಟವರಲ್ಲ, ತಮ್ಮ ಕೆಲಸ ಮಾಡುತ್ತಿದ್ದರು. ಮನೆಯಲ್ಲಿರುವ ಹೆಂಗಸು, ಸಂಪಾದನೆ ಇಲ್ಲ, ಕೈ ಆಡುತ್ತದೆ, ಹತ್ತು ಸಾವಿರ ಎಂದರು. ವಕೀಲರು ಮೂವತ್ತು ಎಂದರು. ನನಗೆ ನಗು ಬಂತು. ಇದೂ ಒಂದು ಏಲಂ, ಹರಾಜಿಗಿಟ್ಟ ಸಾಮಾನು ಕುರ್ಚಿಯಲ್ಲಿ ಕೂತು ಕೇಳುತ್ತಿದೆ ಅಷ್ಟೆ. ಹನ್ನೆರಡಕ್ಕೆ ಬಂದು ನಿಂತಿತು. ನಮ್ಮನೆಯವರು ತಲೆಯಾಡಿಸಲು ಕತ್ತು ಸರಿಮಾಡಿಕೊಂಡರು. ಆ ಕತ್ತು ನನಗೆ ಗೊತ್ತು. ಒಂದು ಮಾತು ಕೇಳಬಹುದೇ ಎಂದು ಜಡ್ಜಿಗೆ ಕೈಮುಗಿದು, ಇವರ ಕಡೆ ತಿರುಗಿದೆ.

"ಏನಂದ್ರೆ, ನಂಗೆ ಕಾರು ಒಡೆಯೋಕ್ ಮುಂಚೆ ಕೆರೆ ದಾರಿ ಮರ ಎಷ್ಟುಕ್ಕೆ ಇಡಿದ್ರಿ?"

"ಈಗ್ಯಾಕೆ ಅದು?"

"ಏಳ್ರಿ."

"ಒಂಬತ್ ಸಾವ್ರ."

"ಒಡೆದ್ ಮ್ಯಾಲೆ ಎಲ್ ನಿಲ್ಸಿದ್ರಿ?"

"ಆರೂವರೆಗೆ."

"ಕಾಯಿ ಕಡ್ಮೆ ಇತ್ತಾ?"

ಇವರು ಟವೆಲನ್ನು ಹೆಗಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಏಲಂನಲ್ಲಿ ಎಷ್ಟಕ್ಕೆ ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ ಎಂಬುದನ್ನು ಹೆತ್ತ ತಾಯಿಗೂ ಹೇಳದ ಮನುಷ್ಯ. ಜಡ್ಜು ಕಾಯುತ್ತಿದ್ದರು.

"ಕಾಯಿ ಇತ್ತು ಸಾಮೀ," ಎಂದರು, ನನ್ನನ್ನು ಬಿಟ್ಟು ಜಡ್ಜಿಗೇ. "ಇವ್ಳ್ ಕೈ ಇರ್ನಿಲ್ಲ."

ವಕೀಲರು ಅದನ್ನು, ಹುಣಸೆಹಣ್ಣು ಬಡಿಯುತ್ತಿದ್ದವಳು ನಾನೇ ಎಂಬುದನ್ನೂ ಸೇರಿಸಿ, ತಮಿಳಿಗೆ ಮಾಡಿ ಹೇಳಿದರು. ಜಡ್ಜು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅಧಿಕಾರಿಯ ಕಡೆ ತಿರುಗಿ, ಈ ಎರಡೂವರೆ ಸಾವಿರದ ವ್ಯತ್ಯಾಸ ಬರೀ ಎರಡು ಮೂರು ತಿಂಗಳ ಹುಣಸೆಹಣ್ಣಿನ ಕೂಲಿ, ಅಡುಗೆಯದ್ದು, ಮನೆಗೆಲಸದ್ದು ಇನ್ನೂ ಇದರಲ್ಲಿ ಸೇರಿಲ್ಲ, ಅಲ್ಲವೇ ಎಂದರು. ಮಾತು ಇಪ್ಪತ್ತನಾಲ್ಕು ಸಾವಿರಕ್ಕೆ ಮುಗಿಯಿತು. ದೊಡ್ಡ ಮೊತ್ತವೇನಲ್ಲ, ಸಣ್ಣದೂ ಅಲ್ಲ. ಮಣಿಕಟ್ಟು ಅದರಿಂದ ತಿರುಗಲಿಲ್ಲ.

ಬಸ್ಸಿನಲ್ಲಿ ಇವರು ಕಿಟಕಿಯ ಆಚೆಯ ಮರಗಳನ್ನೇ ನೋಡುತ್ತ ಕೂತಿದ್ದರು. ಊರು ಹತ್ತಿರ ಬಂದಾಗ, "ಇಷ್ಟ್ ವರ್ಸ ಏಲಂನಾಗೆ ನಾನೇ ಬುದ್ವಂತ ಅಂದ್ಕಂಡಿದ್ನಲ್ಲೇ" ಎಂದರು.  ಬೇಕಾದದ್ದು ನನಗೆ ಸಿಕ್ಕಿತ್ತು, ಅದು ಇಪ್ಪತ್ತನಾಲ್ಕು ಸಾವಿರವಲ್ಲ.

ಈಗ ಏಲಂಗೆ ಮುಂಚೆ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ. ಬಡಿಯುವವರ ಕೂಲಿಯನ್ನು ಮೊದಲು ಕಳೆಯುತ್ತೇವೆ. ಹಾಗೆ ಕಳೆದರೆ ನಾವು ಗೆಲ್ಲುವುದೇ ಇಲ್ಲ. ಕೆರೆ ದಾರಿಯ ಮರ ವರ್ಷಾವರ್ಷ ಮಾದಪ್ಪನದೇ. ಮೊನ್ನೆ ಅವನ ಮನೆ ಮುಂದೆ ಹಾದುಹೋಗುವಾಗ ಅವನ ಹೆಂಡತಿ ಜಗಲಿಯ ಮೇಲೆ ರಾಶಿಯ ಮಧ್ಯೆ ಕೂತು ಟಕಟಕ ಬಡಿಯುತ್ತಿದ್ದಳು. "ಅದೇನಕ್ಕಾ, ನಿಮ್ಮೋರು ಈಗೀಗ ಏಲಂನಾಗೆ ಸೋತೇ ಓಗ್ತಾರೆ, ನಮ್ಮೋರ್ದೇ ಕೈ ಮ್ಯಾಲೆ" ಎಂದು ನಕ್ಕಳು.

"ಊಂ ಕಣಮ್ಮಾ," ಎಂದೆ. "ಕೂಗಿದ್ ದುಡ್ನಾಗೆ ನಿನ್ ಕೂಲಿ ಎಷ್ಟು ಕಳೆದ್ರು ಅಂತ ಒಂದ್ಸಲ ಕೇಳಿ ನೋಡು."

ಸುತ್ತಿಗೆ ನಿಂತಿತು.