ಆಡು ಮೇಯದ ಬಳ್ಳಿ

1998ರಲ್ಲಿ ನಾನು ತಲಕಾಡಿನ ಹತ್ತಿರ ಅರಣ್ಯ ಇಲಾಖೆಯ ಒಂದು ಹಳೆಯ ಉದ್ಯಾನದಲ್ಲಿ ಟೆಂಪರರಿ ವಾಚರ್ ಆಗಿದ್ದೆ. ಹೊಲಗಳನ್ನು ಮುಚ್ಚುತ್ತಿದ್ದ ಮರಳನ್ನು ಹಿಂದಿನವರು ಗಿಡ, ಬಳ್ಳಿ ನೆಟ್ಟು ತಡೆದಿದ್ದ ಜಾಗ ಅದು. ಎಸ್ಸೆಸ್ಸೆಲ್ಸಿ ಓದಿದ್ದೆನೆಂದು, ಬಂದವರನ್ನು ಅಲ್ಲಿನ ನೇಚರ್ ಟ್ರೇಲ್‌ನಲ್ಲಿ ನಡೆಸಿಕೊಂಡು ಹೋಗಿ ಆ ಚರಿತ್ರೆ ಹೇಳುವ ಕೆಲಸವೂ ನನಗೇ ಬಿತ್ತು. "ಈ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದಿದೆ" ಎಂದು ದಿನಾ ಹೇಳುತ್ತಿದ್ದೆ.

ಬೇಸಿಗೆಯ ಕೊನೆಗೆ ದೊಡ್ಡ ಸಾಹೇಬರ ವಿಸಿಟ್ ಗೊತ್ತಾಯಿತು. ನಮ್ಮ ರೇಂಜರ್ ಬಂದು ಸಿಡುಕಿದರು. "ಏನಯ್ಯಾ ಇದು, ಹಾಳು ತೋಪು ಇದ್ದಂಗಿದೆ! ದಾರಿ ಎರಡೂ ಕಡೆ ಮನೆ ಅಂಗಳದ ಥರ ಕಾಣ್ಬೇಕು. ಎಲ್ಲಾ ಕಿತ್ತಾಕ್ಸು."

ಆಳುಗಳ ಜೊತೆ ನಾನೂ ಬಗ್ಗಿ ಬಳ್ಳಿ ಕಿತ್ತೆ. ಮರಳು ದಿಬ್ಬದ ಕೆಳಗೆ ಹೊಲವಿದ್ದ ಸಿದ್ದಮ್ಮ ಬೇಲಿಗೆ ಓಡಿ ಬಂದಳು.

"ಏ ವಾಚರಪ್ಪ, ಮೈಮೇಲೆ ಗ್ಯಾನ ಅದಾ? ಆಸಾಡದ ಗಾಳಿಗೆ ಮರಳೆಲ್ಲ ನನ್ನ ಒಲಕ್ಕೆ ಬತ್ತದೆ ಕಣೋ!"

"ಮೇಲಿನೋರ ಆರ್ಡರ್ ಕಣಮ್ಮ."

"ಗಾಳಿ ಬಂದಾಗ ಅದ್ಕೂ ಆರ್ಡರ್ ತೋರ್ಸು, ಓಗು!"

ಸಾಹೇಬರು ಹತ್ತು ನಿಮಿಷ ನಡೆದು, "ನೀಟಾಗಿದೆ" ಎಂದು ಫೋಟೊ ತೆಗೆಸಿಕೊಂಡು ಹೊರಟರು. ಆಷಾಢದಲ್ಲಿ ಸಿದ್ದಮ್ಮನ ರಾಗಿ ಪೈರು ಮರಳಿನಲ್ಲಿ ಹೂತುಹೋಯಿತು.

ಆಕೆ ದೂರು ಕೊಟ್ಟಳು. ರೇಂಜರ್ ಸ್ಥಳ ತನಿಖೆಯ ಮಹಜರನ್ನು ತಾವೇ ಬರೆದು ನನ್ನ ಮುಂದಿಟ್ಟರು. ದೂರುದಾರಳ ಆಡುಗಳೇ ಬಳ್ಳಿ ಮೇಯ್ದಿವೆ ಎಂದಿತ್ತು ಅದರಲ್ಲಿ. ಆಡು ಆ ಬಳ್ಳಿಯನ್ನು ಮೂಸಿ ಬಿಟ್ಟುಬಿಡುತ್ತದೆ, ಊರಿಗೇ ಗೊತ್ತು. ಆದರೆ ನನ್ನನ್ನು ಪರ್ಮನೆಂಟ್ ಮಾಡುವ ಪಟ್ಟಿ ಅವರ ಮೇಜಿನ ಮೇಲಿತ್ತು. ಸೈನ್ ಹಾಕಿದೆ. ದೂರು ವಜಾ ಆಯಿತು. ಹೊಲ ಮತ್ತೆ ಹೊಲವಾಗಲಿಲ್ಲ.

ಆ ರೇಂಜರನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮರಳು ನಿಲ್ಲಿಸಿದ ಕಥೆ ತೋರಿಸಲು ಮರಳು ನಿಲ್ಲಿಸಿದ್ದನ್ನೇ ಕೀಳಿಸಿದ ಮುಠ್ಠಾಳ! ಆದರೆ ಅವನಿಗೆ ಗಿಡದ ಹೆಸರೂ ತಿಳಿಯದು. ನನಗೆ ಎಲ್ಲ ತಿಳಿದಿತ್ತು. ಆ ಸಿಟ್ಟನ್ನು ಎಲ್ಲಿಗೆ ಒಯ್ಯಲಿ?

ಮರುವರ್ಷ ಅದೇ ಬಳ್ಳಿಯನ್ನು ಮತ್ತೆ ನೆಡಿಸಿದರು. ಕೂಲಿಗೆ ಬಂದವರಲ್ಲಿ ಸಿದ್ದಮ್ಮನೂ ಇದ್ದಳು. ನಾನು ಪ್ರವಾಸಿಗಳಿಗೆ ಬಳ್ಳಿಯ ಮಹಿಮೆ ಹೇಳುತ್ತಿದ್ದಾಗ ಸೊಂಟ ನೆಟ್ಟಗೆ ಮಾಡಿ, "ಯಾರು ಕಿತ್ರು ಅಂತ್ಲೂ ಯೋಳಪ್ಪ" ಎಂದಳು. ಅವರೆಲ್ಲ ನಕ್ಕರು. ನಾನೂ ನಕ್ಕು, "ಮುಂದೆ ಬನ್ನಿ ಸಾ" ಎಂದೆ.

ಮೇಲಿನವರ ಆರ್ಡರ್ ನನ್ನ ಕೈಯಿಂದ ಬಳ್ಳಿ ಕೀಳಿಸಿರಬಹುದು. ಸುಳ್ಳಿಗೆ ಸೈನ್ ಹಾಕಿಸಿದ್ದು ನನ್ನ ಆಸೆ. ನೌಕರಿ ನನಗೆ ಕಲಿಸಿದ್ದು ಇದೊಂದೇ, ಅದೂ ಪೆನ್ಷನ್ ಬಂದ ಮೇಲೆ. ಕೇಳಲು ಆಕೆ ಈಗಿಲ್ಲ. ಆದರೂ ಹೇಳುತ್ತೇನೆ: ಕಿತ್ತವನು ನಾನು, ಸಿದ್ದಮ್ಮ. ನಿನ್ನ ಆಡುಗಳಲ್ಲ.