ಕಾಂತಾಬಾಯಿಯ ಮಲ್ಲಣ್ಣ

ಖಟಕ ಚಿಂಚೋಳಿಯ ನನ್ನ ಸೋದರತ್ತೆ ಕಾಂತಾಬಾಯಿಯ ಮನೆಯಲ್ಲಿ ದೇವರ ಜಗುಲಿ ಹದಿನೆಂಟು ವರ್ಷ ಖಾಲಿ ಇತ್ತು. ಮನೆದೇವರಾದ, ಕುದುರೆ ಏರಿದ ಬೆಳ್ಳಿಯ ಮಲ್ಲಣ್ಣನನ್ನು ಯಾರೋ ಕದ್ದೊಯ್ದಿದ್ದರು. ಹೊಸದು ಮಾಡಿಸು ಎಂದರೆ, “ಹೊಸಾದು ಕೂಡ್ಸಿದ್ರ ಹಳೀ ದೇವ್ರನ್ನ ಬಿಟ್ಟುಕೊಟ್ಟಂಗ” ಎನ್ನುತ್ತಿದ್ದಳು. ಕುರಿ ಕಾದು ಮಕ್ಕಳನ್ನು ಸಾಕಿದ ಹೆಂಗಸು. ಹಟದಲ್ಲಿ ಟಗರಿಗೇನೂ ಕಡಿಮೆಯಿಲ್ಲ.

ಕಡೆಗೆ ಆ ದೇವರು ಅವಳ ಕಣ್ಣಿಗೆ ಬಿದ್ದದ್ದು ಔರಾದ ತಾಲೂಕಿನ ಚಿಂತಾಕಿಯಲ್ಲಿ, ಕುರಿ ಕೊಳ್ಳಲು ಹಣಮಂತಪ್ಪ ಎಂಬವರ ಮನೆಗೆ ಹೋದಾಗ. ಕುದುರೆಯ ಮುರಿದ ಹಿಂಗಾಲಿಗೆ ಅವಳ ಅತ್ತೆ ಹಾಕಿಸಿದ್ದ ಬೆಸುಗೆ ಹಾಗೇ ಇತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಆ ಮನೆಯ ಸೊಸೆ ಸಿದ್ದೇಶ್ವರಿ ತುಂಬಿದ ಬಸುರಿ. ಬಸುರಿ ಇರುವ ಮನೆಯಿಂದ ದೇವರನ್ನು ಎಬ್ಬಿಸಬಾರದು, ಹುಟ್ಟಿದ ಕೂಸಿಗೆ ಮೂರು ತುಂಬಿದ ಮೇಲೆ ಮೊದಲ ಕೂದಲು ಅದೇ ದೇವರ ಮುಂದೆ ತೆಗೆಯಬೇಕು. ನಮ್ಮವರ ಪದ್ಧತಿ ಅದು. ಕೂದಲು ತೆಗೆಯುವವರೆಗೂ ಅತ್ತೆ ಕಾದಳು. ನನಗೂ ಹೇಳಲಿಲ್ಲ.

ಕಡೆಗೆ ಅವಳು ಹೇಳಿದ ಮರುದಿನವೇ ನಾನು ಬೀದರದಿಂದ ಬಂದು ಅವಳನ್ನು ಭಾಲ್ಕಿಯ ವಕೀಲ ಧಮ್ಮಪಾಲರ ಹತ್ತಿರ ಕರೆದೊಯ್ದೆ.

“ಕಳುವಾಗಿ ಎಷ್ಟ್ ವರ್ಷ ಆದ್ರೂ ಅಡ್ಡಿಯಿಲ್ರಿ ಯವ್ವಾ,” ಎಂದರು ಅವರು. “ಆದ್ರ ಯಾರ ಹಂತ್ಯಾಕ ಅದ ಅಂತ ಗೊತ್ತಾದ ದಿನದಿಂದ ಮೂರು ವರ್ಷದಾಗ ದಾವೆ ಹಾಕಬೇಕ್ರಿ. ನೀವು ಯಾವಾಗ ನೋಡಿದ್ರಿ?”

“ನಾಕು ವರ್ಷ ಆಯ್ತ್ರಿ.”

ವಕೀಲರು ಪೆನ್ನು ಕೆಳಗಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಹೊರಗೆ ಬಂದು, “ಕೋರ್ಟಿನ್ಯಾಗ ಮೊನ್ನಿ ನೋಡೀನಿ ಅಂತ ಹೇಳು” ಎಂದೆ.

“ಮಲ್ಲಣ್ಣನ ಸಲುವಾಗಿ ಸುಳ್ಳು ಹೇಳ್ಲೇನು?” ಎಂದು ಬೈದು, ಚಿಂತಾಕಿಯ ದಾರಿ ಹಿಡಿದಳು. ನಾನೂ ಹಿಂದೆ ಹೋದೆ.

ಹಣಮಂತಪ್ಪ ಕಳ್ಳರಲ್ಲ. ಬೀದರದ ಬೆಳ್ಳಿ ಅಂಗಡಿಯಲ್ಲಿ ಕರಗಿಸಲು ಇಟ್ಟಿದ್ದ ದೇವರನ್ನು ಕಂಡು, ಜೀವ ತಡೆಯದೆ ಕೊಂಡು ತಂದಿದ್ದರು. ಅತ್ತೆ ಎಲ್ಲವನ್ನೂ ಹೇಳಿದಳು. ಕಾಯ್ದೆಯ ಪ್ರಕಾರ ತನ್ನ ಹಕ್ಕು ಮುಗಿದದ್ದನ್ನೂ ಮುಚ್ಚಿಡಲಿಲ್ಲ.

“ಹಂಗಿದ್ರ ಇಲ್ಲೇ ಇರ್ಲಿ ಬಿಡ್ರಿ,” ಎಂದರು ಹಣಮಂತಪ್ಪ.

ಅತ್ತೆ ಎದ್ದಳು. ಬಾಗಿಲ ಕಡೆ ನಡೆದಳು. ಆಗ ಸಿದ್ದೇಶ್ವರಿ ಕೇಳಿದಳು: “ನೋಡಿದ ದಿನಾನೇ ಯಾಕ ಕೇಳ್ಲಿಲ್ರಿ ಯವ್ವಾ?”

“ನಿನ್ನ ಹೊಟ್ಟ್ಯಾಗ ಕೂಸಿತ್ತಲ್ಲವ್ವಾ.”

ಸಿದ್ದೇಶ್ವರಿ ಮಾವನ ಮುಖ ನೋಡಿದಳು, ಒಳಗೆ ಹೋದಳು, ಮಲ್ಲಣ್ಣನನ್ನು ಹೊಸ ಕುಬಸದ ಖಣದಲ್ಲಿ ಸುತ್ತಿ ತಂದು ನನ್ನ ಅತ್ತೆಯ ಉಡಿಗೆ ಹಾಕಿದಳು. ಹಣಮಂತಪ್ಪ ತಡೆಯಲಿಲ್ಲ. ಟೋಪಿ ತೆಗೆದು ಆ ಉಡಿಗೆ ಕೈಮುಗಿದರು.

“ಕೋರ್ಟಿನಿಂದ ಬಂದಿದ್ರ ಕೊಡ್ತಿರ್ಲಿಲ್ರಿ,” ಎಂದರು.