ಬುಗುರಿ ಮತ್ತು ಅಕ್ಕನ ಹಾರ್ಡ್ ಡಿಸ್ಕ್

ಆ ಕಂಪ್ಯೂಟರ್ ರಿಪೇರಿಯವಳನ್ನು ಓಣಿಯವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ಊಟದ ತಟ್ಟೆ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲು ಇಳಿದು ಹತ್ತುವಳು. ಇವಳ ಕಾಲಿಗೆ ಯಾರು ಚಕ್ರ ಕಟ್ಟಿದರೋ ಎಂದು ಗೊಣಗಿ ಗೊಣಗಿ ಗಂಡನೂ ಸೋತು ಸುಮ್ಮನಾಗಿದ್ದ.

ಆ ದಿನ ಮೇಜಿನ ಮೇಲಿದ್ದದ್ದು ಅವಳ ಅಕ್ಕನ ಕಂಪ್ಯೂಟರ್. ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ಯಂತ್ರ ಆಮೆಗೂ ನಾಚಿಕೆಯಾಗುವಷ್ಟು ನಿಧಾನವಾಗಿತ್ತು, ಸಾಲದ್ದಕ್ಕೆ ವೈರಸ್ ಬೇರೆ. ಏನೇನು ಉಳಿಸಬೇಕೆಂದು ಫೋನಿನಲ್ಲಿ ಕೇಳಿಕೊಂಡು, ಅಕ್ಕ ಹೇಳಿದ್ದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು, ಬುಗುರಿ ಹಾರ್ಡ್ ಡಿಸ್ಕನ್ನು ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದಳು.

ಇನ್ನು ಉಳಿದದ್ದು ಕಾಯುವ ಕೆಲಸ. ಮೊದಲು ಅಪ್‌ಡೇಟುಗಳು ಇಳಿಯಬೇಕು, ಆಮೇಲೆ ಸಾಫ್ಟ್‌ವೇರ್‌ಗಳು, ಆಮೇಲೆ ಅಕ್ಕನ ಫೈಲುಗಳು. ಚೆಲ್ಲಾಪಿಲ್ಲಿಯಾದ ಫೈಲುಗಳ ಚೂರುಗಳನ್ನು ಒಂದೆಡೆ ಕೂಡಿಸುವ ಡಿಫ್ರ್ಯಾಗ್ ಎಲ್ಲಕ್ಕಿಂತ ಕೊನೆಗೆ. ಸಾಮಾನು ಬರುವ ಮೊದಲೇ ಮನೆ ಜೋಡಿಸಿದರೆ ಮತ್ತೆ ಜೋಡಿಸಬೇಕಾಗುತ್ತದೆ ಎಂದು ಗಿರಾಕಿಗಳಿಗೆ ಬಾಯಿ ನೋಯುವಷ್ಟು ಹೇಳುತ್ತಿದ್ದವಳು ಅವಳೇ. ಆದರೆ ಅಂದು ಅಪ್‌ಡೇಟು ಬಸವನಹುಳುವಿನಂತೆ ತೆವಳುತ್ತಿತ್ತು. ಮೇಜು ಒರೆಸಿದಳು, ಬಾಗಿಲಿಗೆ ಹೋಗಿ ಬಂದಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಕೈ ಕಟ್ಟಿ ಕೂರುವ ಬದಲು ಇದಾದರೂ ನಡೆಯಲಿ ಎಂದು ಡಿಫ್ರ್ಯಾಗ್ ಒತ್ತಿಯೇಬಿಟ್ಟಳು. ಡಿಸ್ಕು ಗರಗರ ಎನ್ನತೊಡಗಿತು.

ಅಷ್ಟರಲ್ಲಿ ಅಕ್ಕನ ಫೋನು.

“ಮಕ್ಕಳ ವಿಡಿಯೋ ಫೋಲ್ಡರ್ ಒಂದಿತ್ತಲ್ಲ, ಅದನ್ನ ತೆಗೆದಿಟ್ಟಿದೀಯ ತಾನೇ? ನಿಂಗೆ ಹೇಳೋದೇ ಮರೆತೆ.”

ಬುಗುರಿ ಗರಗರ ಎನ್ನುತ್ತಿದ್ದ ಡಿಸ್ಕಿನತ್ತ ತಿರುಗಿದಳು. ಅಳಿಸಿದ ಡಿಸ್ಕಿನಲ್ಲೂ ಹಳೆಯದು ಅಡಗಿ ಕೂತಿರುತ್ತದೆ, ಅದರ ಮೇಲೆ ಬೇರೇನಾದರೂ ಬರೆಯುವ ತನಕ. ಡಿಫ್ರ್ಯಾಗ್ ಮಾಡುತ್ತಿದ್ದದ್ದು ಅದನ್ನೇ: ಚೂರುಗಳನ್ನು ಎತ್ತಿ ಎತ್ತಿ ಖಾಲಿ ಕಂಡಲ್ಲೆಲ್ಲ ಬರೆಯುತ್ತಿತ್ತು. ಉತ್ತರ ಕೊಡುವ ಮೊದಲೇ ಅವಳು ಸ್ವಿಚ್ ಆರಿಸಿದಳು.

ಶಾಲೆ ಬಿಟ್ಟ ಮೇಲೆ ಅಕ್ಕ ನೇರ ಅಂಗಡಿಗೆ ಬಂದಳು. ಬುಗುರಿ ಆಗಲೇ ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಅಳಿದದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸುತ್ತಿದ್ದಳು. ತಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದಳು. ಅಕ್ಕ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಮಕ್ಕಳು ಮೊದಲ ಸಲ ತಮ್ಮ ಹೆಸರನ್ನು ಕೈಸನ್ನೆಯಲ್ಲಿ ಹೇಳಿದ ದಿನಗಳ, ಎಷ್ಟೋ ವರ್ಷಗಳಿಂದ ಕೂಡಿಟ್ಟ ವಿಡಿಯೋಗಳಂತೆ ಅವು. ಅಷ್ಟು ಹೇಳಿ ಸ್ಟೂಲು ಎಳೆದು ಪರದೆಯ ಮುಂದೆ ಕೂತಳು.

ಬುಗುರಿ ಏಳುತ್ತಿದ್ದಳು, ಕೂರುತ್ತಿದ್ದಳು, ಉಗುರು ಕಚ್ಚುತ್ತಿದ್ದಳು.

“ನೀನು ಓಡಾಡಿದ್ರೆ ಅದೇನು ಬೇಗ ಬರುತ್ತಾ? ಕೂತ್ಕೊಳೇ ಮಾರಾಯ್ತಿ” ಎಂದು ಅಕ್ಕ ಕೊನೆಗೆ ಅವಳ ಸೆರಗು ಹಿಡಿದು ಕೂರಿಸಿದಳು.

ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ವಿಡಿಯೋಗಳು ಒಂದೊಂದೇ ಬಂದವು. ಹೆಚ್ಚಿನವು ನೆಟ್ಟಗಿದ್ದವು. ಕೆಲವು ತೆರೆಯಲೇ ಇಲ್ಲ. ಇನ್ನೊಂದರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಹೆಸರು ಹೇಳುವಷ್ಟರಲ್ಲಿ ಚಿತ್ರ ಒಡೆದು ಬಣ್ಣದ ಚೌಕಗಳಾಯಿತು.

“ಇವಳೀಗ ದೊಡ್ಡವಳಾಗಿ ಮುಂದಿನ ಬೀದಿ ಬೇಕರೀಲೇ ಕೆಲ್ಸ ಮಾಡ್ತಾಳೆ ಕಣೆ. ಕೇಳಿದ್ರೆ ಇನ್ನೊಂದ್ಸಲ ಹೇಳ್ತಾಳೆ” ಎಂದಳು ಅಕ್ಕ.

ಮಾತು ಮುಗಿಯುವ ಮುನ್ನವೇ ಬುಗುರಿ ಚಪ್ಪಲಿ ಮೆಟ್ಟಿದ್ದಳು, ಅಕ್ಕನೂ ಹಿಂದೆಯೇ ಹೊರಟಳು. ಬೇಕರಿಯಲ್ಲಿ ಆ ಹುಡುಗಿ, ಈಗ ತುಂಬು ಬಸುರಿ, ಇಬ್ಬರನ್ನೂ ನೋಡಿ ನಕ್ಕಳು. ಅಕ್ಕ ಕೈಸನ್ನೆಯಲ್ಲಿ ಕೇಳಿದಳು, ಬುಗುರಿ ವಿಡಿಯೋ ತೆಗೆಯಲು ಫೋನನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಳು. ಹುಡುಗಿ ಹಿಟ್ಟಿನ ಕೈ ಒರೆಸಿಕೊಂಡು, ಅವಸರವಿಲ್ಲದೆ, ತನ್ನ ಹೆಸರು ಹೇಳಿದಳು.